ಗಂಧದ ಮರ ಯಾರದು?

ಮೈಸೂರೆಂದರೆ ಗಂಧ, ಗಂಧವೆಂದರೆ ಮೈಸೂರು ಎಂದು ಹೊರನಾಡಿನವರು ಹೇಳುವುದುಂಟು. ಆ ಮಾತನ್ನು ಕೇಳಿ ನಾವು ಹಿಗ್ಗುತ್ತೇವೆ. ಆದರೆ ಯಾವನ ಹೊಲದ ಬದುವಿನಲ್ಲಿ ಆ ಮರ ಹುಟ್ಟಿ ಬೆಳೆಯಿತೋ ಆ ರೈತನೂ ಅದನ್ನು ಕಂಡು ಹಿಗ್ಗಿದನೆ ಎಂದು ವಿಚಾರಿಸಿದವರು ವಿರಳ. ವಿಚಾರಿಸಿದ್ದರೆ ಬೇರೊಂದು ಚರಿತ್ರೆ ನಮಗೆ ಗೋಚರವಾಗುತ್ತಿತ್ತು. ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿರುವುದು ಆ ಚರಿತ್ರೆಯನ್ನೇ.

ಮೊದಲು ಮರದ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕು. ಅದನ್ನು ತಿಳಿಯದೆ ಮುಂದಿನದು ಅರ್ಥವಾಗದು. ಶ್ರೀಗಂಧವು ತನ್ನ ಕಾಲಮೇಲೆ ತಾನು ಪೂರ್ತಿಯಾಗಿ ನಿಲ್ಲಬಲ್ಲ ಮರವಲ್ಲ. ಎಲೆ ಹಸುರಾಗಿದ್ದು ಬಿಸಿಲಿನಿಂದ ಆಹಾರವನ್ನು ತಾನೇ ಮಾಡಿಕೊಂಡರೂ, ಅದರ ಬೇರು ನೆಲದೊಳಗೆ ನೆರೆಯ ಗಿಡಗಳ ಬೇರನ್ನು ಹಿಡಿದು ನೀರನ್ನೂ ಲವಣಗಳನ್ನೂ ಹೀರುತ್ತದೆ. ಈ ಗುಟ್ಟನ್ನು 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞರು ಪ್ರಕಟಿಸಿದರು. ಆದುದರಿಂದ ಬಯಲಿನಲ್ಲಿ ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ. ಬೇಲಿಯ ಸಾಲಿನಲ್ಲಿ, ಕುರುಚಲು ಕಾಡಿನಲ್ಲಿ, ಹೊಂಗೆಯ ಮಗ್ಗುಲಲ್ಲಿ ಸೊಂಪಾಗಿ ಬರುತ್ತದೆ. ಬೀಜವನ್ನು ಹರಡುವುವು ಹಕ್ಕಿಗಳು. ಹಣ್ಣನ್ನು ತಿಂದ ಹಕ್ಕಿಗೆ ಇದು ಸರ್ಕಾರದ ಕಾಡು, ಇದು ರೈತನ ಹೊಲ ಎಂಬ ಭೇದವಿಲ್ಲ. ಕಾನೂನಿನ ತೊಡಕೆಲ್ಲ ಹುಟ್ಟಿದ್ದು ಇಲ್ಲಿ.

ಇನ್ನೊಂದು ವಿಶೇಷ. ಪರಿಮಳವಿರುವುದು ಹೊರಗಿನ ಬಿಳಿಯ ಮರದಲ್ಲಲ್ಲ, ಒಳಗಿನ ಚೇಗಿನಲ್ಲಿ. ಚೇಗು ಕೂಡುವುದಕ್ಕೆ ಹತ್ತು ಹದಿನೈದು ವರ್ಷಗಳಾದರೂ ಬೇಕು; ಬೆಲೆ ಬರುವಂತೆ ಬಲಿಯುವುದಕ್ಕೆ ಮೂವತ್ತು, ಕೆಲವೆಡೆ ಐವತ್ತು. ಎಣ್ಣೆಯ ಅಂಶ ಎಲ್ಲಕ್ಕಿಂತ ಹೆಚ್ಚಾಗಿ ಬೇರಿನಲ್ಲಿರುವುದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ತೆಗೆಯುತ್ತಾರೆ. ತಾತ ನೆಟ್ಟದ್ದನ್ನು ಮೊಮ್ಮಗ ಕೀಳಬೇಕಾದಂಥ ಬೆಳೆ ಇದು. ಇಂಥ ಬೆಳೆಗೆ ಬೇಕಾದದ್ದು ನೀರು ಗೊಬ್ಬರಕ್ಕಿಂತ ಮುಂಚಿತವಾಗಿ ಒಂದು ಭರವಸೆ: ನೆಟ್ಟದ್ದು ತನ್ನ ಮನೆಯವರಿಗೇ ದಕ್ಕುವುದೆಂಬ ಭರವಸೆ.

ಆ ಭರವಸೆ 1792ರಲ್ಲಿ ಮುರಿದುಬಿತ್ತು. ಆ ವರ್ಷ ಟಿಪ್ಪುಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಎಲ್ಲಿ ಬೆಳೆದರೂ ಅದು ಅರಸನದು. ಶ್ರೀರಂಗಪಟ್ಟಣದ ಒಪ್ಪಂದದಿಂದ ಅರ್ಧ ರಾಜ್ಯವನ್ನು ಕಳೆದುಕೊಂಡು ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವನ್ನು ತಲೆಯಮೇಲೆ ಹೊತ್ತ ವರ್ಷವೂ ಅದೇ. ಬರಿದಾದ ಬೊಕ್ಕಸಕ್ಕೂ ಈ ಶಾಸನಕ್ಕೂ ನಂಟಿತ್ತೆಂದು ನಾನು ಊಹಿಸುತ್ತೇನೆ. ಸೋಜಿಗವೇನೆಂದರೆ, ಟಿಪ್ಪುವಿನ ಎಷ್ಟೋ ಏರ್ಪಾಡುಗಳನ್ನು ಕಿತ್ತೊಗೆದವರು ಇದೊಂದನ್ನು ಮಾತ್ರ ಮುಟ್ಟಲಿಲ್ಲ. 1799ರ ಅನಂತರದ ಅರಸರ ಆಳ್ವಿಕೆ, 1831ರಿಂದ 1881ರವರೆಗಿನ ಕಮಿಷನರುಗಳ ಆಡಳಿತ, ಮರಳಿ ಅರಸರ ಆಳ್ವಿಕೆ: ಗದ್ದುಗೆ ಕೈ ಬದಲಾಯಿಸಿತು, ಗಂಧದ ಕಾನೂನು ಬದಲಾಗಲಿಲ್ಲ. ಆದಾಯವನ್ನು ತರುವ ಕಾನೂನಿಗೆ ಆಯುಸ್ಸು ಹೆಚ್ಚು.

ಅಗೆದ ಮರವನ್ನೆಲ್ಲ ಸರ್ಕಾರದ ಗಂಧದ ಕೋಠಿಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ಬಿಳಿಯ ಮರವನ್ನು ಕೆತ್ತಿ, ಚೇಗನ್ನು ಶುಚಿಮಾಡಿ, ಹದಿನೆಂಟು ತರಗತಿಗಳಾಗಿ ವಿಂಗಡಿಸುವ ಪದ್ಧತಿ ಬೆಳೆಯಿತು. ಈ ತರಗತಿಗಳ ಹೆಸರುಗಳೇ ಒಂದು ವ್ಯಾಪಾರಚರಿತ್ರೆ. ಇಪ್ಪತ್ತು ಪೌಂಡಿಗೆ ಕಡಮೆಯಿಲ್ಲದೆ, ಟನ್ನಿಗೆ 112ಕ್ಕೆ ಮೀರದೆ ತೂಗುವ ಗಟ್ಟಿ ತುಂಡು ‘ವಿಲಾಯತಿ ಬುದ್ಧ’; ಅದು ಬಿಳಿಯರ ದೇಶಕ್ಕೆ. ಹತ್ತು ಪೌಂಡಿನದು ‘ಚೀನಾ ಬುದ್ಧ’. ಐದು ಪೌಂಡಿನದು ‘ಪಂಜಮ್’. ಕೆಳಗಿನ ತರಗತಿಗಳಲ್ಲಿ ಬೇರು, ಚಕ್ಕೆ, ಕೊನೆಗೆ ಗರಗಸದ ಹೊಟ್ಟು. ಹೊಟ್ಟಿಗೂ ದರವಿತ್ತೆಂಬುದನ್ನು ಗಮನಿಸಬೇಕು. ಮರದ ಒಂದು ಚಿಟಿಕೆಯೂ ವ್ಯರ್ಥವಾಗಲಿಲ್ಲ. ಪಾರಸಿಗಳ ಅಗ್ನಿಮಂದಿರಕ್ಕೆ, ದೇವಸ್ಥಾನದ ಸಾಣೆಕಲ್ಲಿಗೆ, ಸಾಗರ ಸೊರಬಗಳ ಗುಡಿಗಾರರ ಉಳಿಗೆ, ಊದಿನಕಡ್ಡಿಗೆ, ಹೀಗೆ ಒಂದೊಂದು ತರಗತಿಗೆ ಒಂದೊಂದು ದಾರಿ. ಕೋಠಿಯೊಳಗೆ ಇಷ್ಟು ಮಿತವ್ಯಯವನ್ನು ಅರಿತಿದ್ದ ಸರ್ಕಾರ, ಕೋಠಿಯ ಹೊರಗೆ ಸಸಿಯ ವಿಷಯದಲ್ಲಿ ಏನು ಮಾಡಿತು?

ರೈತನ ಬೇಲಿಯಲ್ಲಿ ಒಂದು ಗಂಧದ ಸಸಿ ತಾನಾಗಿ ಮೊಳೆಯಿತೆನ್ನಿ. ನೆಲ ಅವನದು, ಕಂದಾಯ ಅವನದು, ಮರ ಮಾತ್ರ ಸರ್ಕಾರದ್ದು. ಅದನ್ನು ಕಡಿಯುವಂತಿಲ್ಲ, ಮಾರುವಂತಿಲ್ಲ. ಕಳ್ಳರು ಕಡಿದರೆ ಮೊದಲ ಅನುಮಾನ ಅವನ ಮೇಲೆಯೇ. ಬೆಲೆಯಲ್ಲಿ ಒಂದು ಪಾಲನ್ನು ಅವನಿಗೆ ಕೊಡುವ ನಿಯಮಗಳು ಕಾಲಕ್ರಮದಲ್ಲಿ ಬಂದುವು, ನಿಜ. ಆದರೆ ಕಚೇರಿಯ ಮೆಟ್ಟಿಲು, ಮಹಜರು, ಪಂಚನಾಮೆಗಳಿಗೆ ಹೋಲಿಸಿದರೆ ಆ ಪಾಲು ಯಾರನ್ನೂ ಮರ ಬೆಳೆಸುವಂತೆ ಪ್ರೇರಿಸಲಿಲ್ಲ. ಅವನು ಮಾಡಿದ್ದು ನೀವೂ ನಾನೂ ಮಾಡಬಹುದಾಗಿದ್ದುದನ್ನೇ: ಎರಡೆಲೆಯ ಸಸಿಯನ್ನು ಎರಡು ಬೆರಳಿನಿಂದ ಕಿತ್ತು ಬಿಸಾಡಿದನು. ಈ ಅಪರಾಧ ಯಾವ ದಫ್ತರದಲ್ಲಿಯೂ ದಾಖಲಾಗಲಿಲ್ಲ. ಗಂಧಕ್ಕೆ ಕಳ್ಳರಿಂದ ಆದ ನಷ್ಟವನ್ನು ನಾವು ಲೆಕ್ಕವಿಡುತ್ತೇವೆ. ಮರವಾಗದೆ ಹೋದ ಸಸಿಗಳ ಲೆಕ್ಕವನ್ನು ಇಟ್ಟವರಿಲ್ಲ.

ಇಷ್ಟಾಗಿಯೂ ಆ ಆದಾಯದಿಂದ ಸಂಸ್ಥಾನಕ್ಕೆ ಉಪಕಾರವಾಯಿತೆಂಬುದನ್ನು ಮರೆಸಬಾರದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧ ಹರಾಜಾಗಿ ಬಹುಮಟ್ಟಿಗೆ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಲಾಭ ಅಲ್ಲಿಯವರದು. 1914ರಲ್ಲಿ ಯುದ್ಧ ಹತ್ತಿಕೊಂಡು ಆ ಪೇಟೆ ಮುಚ್ಚಿತು, ಮರ ಕೋಠಿಗಳಲ್ಲಿ ಉಳಿಯಿತು. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರೂ ಕೈಗಾರಿಕೆಯ ವಿಷಯದಲ್ಲಿ ನೆರವಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರೂ ಈ ಕಷ್ಟವನ್ನೇ ಅವಕಾಶವಾಗಿ ತಿರುಗಿಸಿದರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ಆಚಾರ್ಯರು ಎಣ್ಣೆ ಬಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ, ಮರುವರ್ಷವೇ ಮೈಸೂರಿನಲ್ಲಿ ಇನ್ನೊಂದು. ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ವಿದ್ಯೆ ಕಲಿತು ಬಂದು ಸಾಬೂನಿನ ಉದ್ಯಮಕ್ಕೆ ರೂಪು ಕೊಟ್ಟರು. ಪ್ರಯೋಗಶಾಲೆ, ಕಾರ್ಖಾನೆ, ಪೇಟೆ, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಈ ಕೆಲಸ ನಮ್ಮವರ ಕರ್ತೃತ್ವಕ್ಕೆ ಭೂಷಣವೇ ಸರಿ. ಅದರ ಒಂದು ತುದಿ ಮಾತ್ರ ಸಡಿಲವಾಗಿಯೇ ಉಳಿಯಿತು. ಕಾರ್ಖಾನೆಗೆ ಹಸಿವು ವರ್ಷವರ್ಷವೂ ಆಗುತ್ತದೆ. ಮರಕ್ಕೆ ಬೇಕಾದುದು ನಲವತ್ತು ವರ್ಷ.

ಅಷ್ಟರಲ್ಲಿ ಮರಕ್ಕೆ ವ್ಯಾಧಿಯೂ ತಗುಲಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ‘ಸ್ಪೈಕ್’ ರೋಗದಲ್ಲಿ ಎಲೆಗಳು ಕಿರಿದಾಗಿ, ನಿಮಿರಿ, ಕೊಂಬೆ ಮುಳ್ಳಿನಂತೆ ಕಾಣುತ್ತದೆ. ಮರ ಎರಡು ಮೂರು ವರ್ಷಗಳಲ್ಲಿ ಸಾಯುತ್ತದೆ. ಮೈಸೂರಿನ ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್ನರು 1917ರಲ್ಲಿ, ಇದು ಕಸಿಯ ಮೂಲಕ ಒಂದು ಮರದಿಂದ ಇನ್ನೊಂದಕ್ಕೆ ಹರಡುವುದೆಂದು ತೋರಿಸಿಕೊಟ್ಟರು. ರೋಗದ ಜೀವಿ ಯಾವ ಬಗೆಯದೆಂಬುದು ತಿಳಿದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ. ಕಾಡಿನಲ್ಲಿ ನಿಂತ ಮರವನ್ನು ಗುಣಪಡಿಸುವ ಸುಲಭವಾದ ಮದ್ದು ಮಾತ್ರ ಕೈಗೆ ಸಿಕ್ಕಲಿಲ್ಲ.

ರೋಗ ಒಂದು ಕಡೆ, ಕಳವು ಇನ್ನೊಂದು ಕಡೆ. ಮರ ವಿರಳವಾದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ಕಳವು ಹೆಚ್ಚಿತು. ಬಲಿಯದ ಮರವನ್ನೂ ಕಡಿದು ನೋಡುವುದು ಕಳ್ಳರ ಪದ್ಧತಿಯಾದುದರಿಂದ ಬೀಜದ ಮರಗಳೂ ಉಳಿಯಲಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗಸಂರಕ್ಷಣ ಸಂಘವು ಶ್ರೀಗಂಧವನ್ನು ಅಪಾಯಕ್ಕೆ ಗುರಿಯಾದ ಸಸ್ಯಗಳ ಪಟ್ಟಿಗೆ ಸೇರಿಸಿತು. ಗಂಧದ ನಾಡಿನ ಎಣ್ಣೆಯ ಉದ್ಯಮ ಕೇರಳದ ಮರಯೂರಿನ ಹರಾಜಿನಲ್ಲಿ ಮರವನ್ನು ಕೊಳ್ಳುವ ಕಾಲವೂ ಬಂದಿತು. ಇತ್ತ, ಆಸ್ಟ್ರೇಲಿಯದ ಉತ್ತರದಂಚಿನಲ್ಲಿ, ಕುನುನುರ್ರಾ ಎಂಬಲ್ಲಿ, ಆರ್ಡ್ ನದಿಯ ನೀರನ್ನು ಹಾಯಿಸಿ ನಮ್ಮ ಶ್ರೀಗಂಧದ ಜಾತಿಯನ್ನೇ ತೋಟಗಟ್ಟಲೆ ಬೆಳೆಸಿದ್ದಾರೆ. ಅಲ್ಲಿ ನೆಟ್ಟವನಿಗೆ ಮರ ತನ್ನದೆಂಬುದರಲ್ಲಿ ಸಂಶಯವಿರಲಿಲ್ಲ.

ಕರ್ನಾಟಕದ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾಗಿ, ಹೊಲದಲ್ಲಿ ಬೆಳೆದ ಗಂಧ ಹೊಲದವನದೆಂದು ಒಪ್ಪಿದರು. 1792ರಿಂದ ಎಣಿಸಿದರೆ ಇನ್ನೂರ ಒಂಬತ್ತು ವರ್ಷ. ಅಲ್ಲಿಂದೀಚೆಗೆ ಅನೇಕ ರೈತರು ನಡುವೆ ತೊಗರಿಯನ್ನೋ ಬೇರೆ ಆಸರೆಯ ಗಿಡವನ್ನೋ ಇಟ್ಟು ಗಂಧವನ್ನು ಸಾಲಾಗಿ ನೆಟ್ಟಿದ್ದಾರೆ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅಪ್ಪಣೆ ಬೇಕೆಂಬ ನಿಯಮ ತಿದ್ದುಪಡಿಯಿಂದ ತೊಲಗಲಿಲ್ಲ. ರಾತ್ರಿಯ ಕಾವಲಿನ ಖರ್ಚೂ ರೈತನದೇ. ತಿದ್ದುಪಡಿಯ ಬೆನ್ನಿಗೇ ನೆಟ್ಟ ಮೊದಲ ಸಸಿಗಳಿಗೆ ಈಗ ಇಪ್ಪತ್ತು ದಾಟಿದೆ. ಅವುಗಳಲ್ಲಿ ಚೇಗು ಇನ್ನೂ ಕೂಡುತ್ತಿದೆ.