ತಳಾರನೂ ಕಳ್ಳನೂ: ವಡ್ಡಾರಾಧನೆಯಿಂದ ಹಲಗಲಿಯ ಲಾವಣಿಯವರೆಗೆ

ಅಪರಾಧ ಮತ್ತು ಶಿಕ್ಷೆಯನ್ನು ಕುರಿತ ಸಾಹಿತ್ಯಚರ್ಚೆಯಲ್ಲಿ ಕಣ್ಣು ಸಾಮಾನ್ಯವಾಗಿ ಶಿಕ್ಷೆಗೊಳಗಾದವನ ಮೇಲೆಯೇ ನೆಟ್ಟಿರುತ್ತದೆ. ದಂಡವನ್ನು ಹಿಡಿದವನ ಬಾಳು ಆ ದಂಡದಿಂದ ಏನಾಯಿತೆಂಬ ಪ್ರಶ್ನೆ ಅಪರೂಪ. ಜೈನ ಕಥಾಪರಂಪರೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿತ್ತು.

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಹದಿಮೂರನೆಯದು ವಿದ್ಯುಚ್ಚೋರನದು. ಮಿಥಿಲೆಯ ಅರಸ ವಾಮರಥನ ಹಾರ ಕಳುವಾಗುತ್ತದೆ. ಏಳು ದಿನದೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ತಳಾರ ಯಮದಂಡನಿಗೇ ದಂಡನೆ. ಅವನು ಹಿಡಿದು ತರುವುದು ಪಾಳುದೇಗುಲದಲ್ಲಿ ಬಿದ್ದಿದ್ದ ಒಬ್ಬ ಕುಷ್ಠರೋಗಿಯನ್ನು. ಆ ರೋಗಿ ತಾನು ಕಳ್ಳನಲ್ಲವೆನ್ನುತ್ತಾನೆ. ಒಂದು ರಾತ್ರಿಯ ಅವಧಿಯಲ್ಲಿ ಮೂವತ್ತೆರಡು ಬಗೆಯ ದಂಡನೆಗಳು ಅವನ ಮೈಮೇಲೆ ನಡೆದರೂ ಬಾಯಿ ಬಿಡುವುದಿಲ್ಲ. ಕೊನೆಗೆ ಅರಸನ ಅಭಯ ದೊರೆತ ಮೇಲೆ ತಾನೇ ಕಳ್ಳನೆಂದು ಒಪ್ಪಿಕೊಳ್ಳುತ್ತಾನೆ. ಇಷ್ಟು ನೋವನ್ನು ಹೇಗೆ ಸೈರಿಸಿದೆ ಎಂದರೆ, ಮುನಿಗಳ ಬಾಯಿಂದ ಕೇಳಿದ್ದ ನರಕದ ನೋವಿನೆದುರು ಇದು ಎಷ್ಟರದು ಎಂದುಕೊಂಡೆ ಎನ್ನುತ್ತಾನೆ. ಏನು ಬೇಕೋ ಕೇಳು ಎಂದಾಗ ಅವನು ಬೇಡುವುದು ತಳಾರನಿಗೆ ಕ್ಷಮೆಯನ್ನು. ಏಕೆಂದರೆ ಯಮದಂಡ ಅವನ ಬಾಲ್ಯದ ಗೆಳೆಯ.

ಕಥೆಯ ತಿರುಳು ಇರುವುದು ಇಲ್ಲಿಯೇ. ಇಬ್ಬರೂ ಒಬ್ಬನೇ ಗುರುವಿನಲ್ಲಿ ಓದಿದವರು. ಅರಸುಮಗನಾದ ವಿದ್ಯುಚ್ಚೋರ ಚೋರಶಾಸ್ತ್ರವನ್ನು ಕಲಿತ, ತಳಾರನ ಮಗನಾದ ಯಮದಂಡ ತಂದೆಯ ವೃತ್ತಿಗೆ ಬೇಕಾದ ವಿದ್ಯೆಯನ್ನು ಕಲಿತ. ನೀನು ತಳಾರನಾಗಿರುವ ಊರಿನಲ್ಲಿಯೇ ಕದಿಯುತ್ತೇನೆಂಬ ಎಳೆಯಂದಿನ ಪಂಥಕ್ಕೆ ಹೆದರಿ ಯಮದಂಡ ಊರು ಬಿಟ್ಟು ಮಿಥಿಲೆ ಸೇರಿದ್ದ. ವಿದ್ಯುಚ್ಚೋರ ಅಲ್ಲಿಗೂ ಅವನನ್ನು ಹುಡುಕಿಕೊಂಡು ಬಂದ. ಹಾರ ಕದ್ದುದು ಬಡತನದಿಂದಲ್ಲ, ಆಸೆಯಿಂದಲೂ ಅಲ್ಲ. ಕಳ್ಳನೂ ತಳಾರನೂ ಒಂದೇ ಪಾಠಶಾಲೆಯ ಎರಡು ಪಾಠಗಳು ಎಂಬ ಮಾತನ್ನು ಶಿವಕೋಟ್ಯಾಚಾರ್ಯ ಸಿದ್ಧಾಂತವಾಗಿ ಮಂಡಿಸಲಿಲ್ಲ, ಕಥೆಯಾಗಿ ಹೇಳಿದ. ಮುಂದೆ ವಿದ್ಯುಚ್ಚೋರ ರಾಜ್ಯವನ್ನು ತೊರೆದು ತಪಸ್ವಿಯಾಗುತ್ತಾನೆ. ತಾಮ್ರಲಿಪ್ತಿಯಲ್ಲಿ ಕಾಡುನೊಣ ಸೊಳ್ಳೆಗಳ ಉಪಸರ್ಗವನ್ನು ಸಹಿಸಿ ಗತಿ ಪಡೆಯುತ್ತಾನೆ. ಮೂವತ್ತೆರಡು ದಂಡನೆಗಳಲ್ಲಿ ಒಂದೂ ಅವನನ್ನು ತಿದ್ದಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಆ ರಾತ್ರಿ ಅವನಿಗೆ ಸಹನೆಯ ಅಭ್ಯಾಸವಾಯಿತು, ಅಷ್ಟೇ.

ಜನ್ನನ ಯಶೋಧರಚರಿತೆಯ (1209) ಚಂಡಕರ್ಮ ಇನ್ನೊಬ್ಬ ತಳಾರ. ಅಕಂಪನ ಮುನಿಯೆದುರು ಅವನು ಜೀವವೆಂಬುದೇ ಇಲ್ಲವೆಂದು ವಾದಿಸುತ್ತಾನೆ. ಅವನ ಪ್ರಮಾಣಗಳೆಲ್ಲ ಕಳ್ಳರ ದೇಹಗಳು. ಕಳ್ಳನೊಬ್ಬನನ್ನು ಮುಚ್ಚಿಟ್ಟು ಕೊಂದರೂ ಜೀವ ಹೊರಗೆ ಹೋದ ದಾರಿ ಕಾಣಲಿಲ್ಲ, ಸಾಯುವ ಮುನ್ನವೂ ಸತ್ತ ಮೇಲೂ ತೂಗಿದರೆ ಭಾರದಲ್ಲಿ ವ್ಯತ್ಯಾಸವಿರಲಿಲ್ಲ, ಕತ್ತರಿಸಿ ನೋಡಿದರೂ ಒಳಗೆ ಏನೂ ಸಿಗಲಿಲ್ಲ. ಮುನಿಯ ಉತ್ತರಗಳು ಶಂಖದ ದನಿ, ಗಾಳಿ ತುಂಬಿದ ತೊಗಲು, ಕಟ್ಟಿಗೆಯೊಳಗಿನ ಬೆಂಕಿ ಇಂತಹ ದೃಷ್ಟಾಂತಗಳು. ಪಾಠ ಹೇಳುವವರು ಈ ಭಾಗವನ್ನು ಚಾರ್ವಾಕ ಖಂಡನೆಯೆಂದು ಗುರುತಿಸಿ ಮುಂದೆ ಹೋಗುವುದುಂಟು. ನನಗೆ ಇದು ದಂಡಾಧಿಕಾರದ ಬಗೆಗಿನ ಅತ್ಯಂತ ಕಟುವಾದ ಚಿತ್ರವೆನಿಸುತ್ತದೆ: ಸೆರೆಸಿಕ್ಕವನ ಒಡಲು ತಳಾರನಿಗೆ ತಕ್ಕಡಿಯಲ್ಲಿಡುವ ವಸ್ತು. ಹಾಗೆ ತೂಗಿದವನೇ ವ್ರತ ಹಿಡಿಯುತ್ತಾನೆ. ಇಲ್ಲಿ ಬದಲಾಗುವ ಜೀವ ಕಳ್ಳನದಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. 1857ರಲ್ಲಿ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಗೆ ಬಗ್ಗಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರನ್ನು ಸುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಒಟ್ಟು 19 ಜನರನ್ನು ಗಲ್ಲಿಗೇರಿಸಲಾಯಿತು. ಸರಕಾರದ ಕಡತದಲ್ಲಿ ಅವರು ಬಂಡುಕೋರರು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಲಾವಣಿ ಕಡತದ ರೀತಿಯನ್ನೇ ಕಡತಕ್ಕೆ ತಿರುಗಿಸುತ್ತದೆ. ಊರನ್ನು ಹೊಕ್ಕ ದಂಡು ಏನೇನು ಹೊತ್ತುಕೊಂಡು ಹೋಯಿತೆಂಬುದನ್ನು ಅದು ಪಟ್ಟಿ ಮಾಡುತ್ತದೆ: ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಮಂಗಳಸೂತ್ರ, ಬೀಸುವ ಕಲ್ಲು ಸಹ. ಇದು ಕಳುವಾದ ಮಾಲಿನ ಪಂಚನಾಮೆಯಲ್ಲದೆ ಬೇರೇನಲ್ಲ. ಆರೋಪಿಯ ಸ್ಥಾನದಲ್ಲಿ ಸರಕಾರವಿದೆ. ಮಿಥಿಲೆಯಲ್ಲಿ ಕಾಣೆಯಾದದ್ದು ಅರಸನ ಒಂದು ಹಾರ, ಹಲಗಲಿಯಲ್ಲಿ ಒಂದು ಊರಿನ ಅಡುಗೆಮನೆಗಳೇ ಕಾಣೆಯಾದವು.

ಇಂತಹ ಲಾವಣಿಗಳನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವನ್ನು (ಕ್ರಿ.ಶ. 634) ಸಂಪಾದಿಸಿದ ಅದೇ ಫ್ಲೀಟ್. ಅವನು ಮುಂಬಯಿ ಆಧಿಪತ್ಯದ ಸಿವಿಲ್ ಅಧಿಕಾರಿ, ಅಂದರೆ ಆ ಕಾಲದ ತಳಾರವರ್ಗಕ್ಕೆ ಸೇರಿದವನು. ಅಧಿಕಾರಿಯ ಕಣ್ಣು ಅವನ ಶೀರ್ಷಿಕೆಗಳಲ್ಲಿ ಇಣುಕುತ್ತದೆ. ಬೈಲಹೊಂಗಲದ ಸಂಗ್ಯಾನ ಹಾಡಿಗೆ ಅವನು ಕೊಟ್ಟ ಹೆಸರಿನ ಅರ್ಥ 'ಸಂಗ್ಯಾನ ಅಪರಾಧ ಮತ್ತು ಮರಣ' ಎಂದು. ಕೊಲೆಯಾದವನು ಸಂಗ್ಯಾ! ಆದರೂ ಬೇಡರ ಹಾಡು ಅಚ್ಚಿಗೆ ಬಂದು ಉಳಿದದ್ದರಲ್ಲಿ ಇವನ ಪಾಲಿದೆಯೆಂಬುದನ್ನು ಮರೆಯಲಾಗದು.

ಇಪ್ಪತ್ತನೆಯ ಶತಮಾನದಲ್ಲಿ ಜತ್ತ ಸಂಸ್ಥಾನದ ಸಿಂಧೂರಿನ ಲಕ್ಷ್ಮಣ 1922ರಲ್ಲಿ ಬೀಳಗಿಯ ಕಡೆ ಪೋಲೀಸರಿಂದ ಹತನಾದ. ಅವನ ಕಥೆ ನಾಟಕ ಕಂಪನಿಗಳ ರಂಗವೇರಿತು, 1977ರಲ್ಲಿ 'ವೀರ ಸಿಂಧೂರ ಲಕ್ಷ್ಮಣ'ವೆಂಬ ಚಲನಚಿತ್ರವೂ ಆಯಿತು. ದರೋಡೆಕೋರನೆಂಬ ಪೋಲೀಸರ ಹೆಸರನ್ನು ಜನ ಒಪ್ಪಲಿಲ್ಲ, 'ವೀರ' ಎಂದರು. ಇದು ನ್ಯಾಯವೇ ಸರಿ. ಆದರೆ ಹೆಸರು ತಿರುವುಮುರುವಾದರೂ ಕಥೆಯ ಕಟ್ಟು ಹಾಗೆಯೇ ಉಳಿಯಿತು, ಒಂದು ಕಡೆ ವೀರ, ಇನ್ನೊಂದು ಕಡೆ ಬಂದೂಕು. ಯಮದಂಡನಿಗೆ ಇದ್ದ ಬಾಲ್ಯ, ಭಯ, ಗೆಳೆತನ ಬಂದೂಕಿನ ಹಿಂದಿನವನಿಗೆ ಸಿಗಲಿಲ್ಲ. ಹಲಗಲಿಯ ಲಾವಣಿಯಲ್ಲೂ ಆಯುಧ ಕೇಳಲು ಬಂದು ಏಟು ತಿನ್ನುವ ಕಾರಕೂನನೊಬ್ಬನಿದ್ದಾನೆ. ಅವನೂ ಈ ನೆಲದವನೇ, ಬೇಡರ ಮಾತನ್ನೇ ಆಡುವವನು. ಹಾಡು ಅವನನ್ನು ಬಾಗಿಲಿನಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಊರು ಸುಟ್ಟ ರಾತ್ರಿ ಅವನೆಲ್ಲಿದ್ದನೆಂದು ಕೇಳುವ ಕಥೆಗಾರ ಅವನಿಗೆ ಒದಗಲಿಲ್ಲ.