ಅಂಕಿತವೂ ಚೊಚ್ಚಲ ಆಲ್ಬಮ್ಮೂ: ಮಾನ್ವಿ–ದೇವದುರ್ಗ ಸೀಮೆಯ ದಾಸಪರಂಪರೆಯಿಂದ ಒಂದು ನೋಟ

ಸ್ವತಂತ್ರ ಸಂಗೀತ ತಂಡಕ್ಕೆ ಮೊದಲ ಆಲ್ಬಂ ಎಂದರೆ ನಾಮಕರಣ. ಸ್ವರಾತ್ಮ ತಂಡ 2009ರ ತನ್ನ ಚೊಚ್ಚಲ ಆಲ್ಬಮ್ಮಿಗೆ ತನ್ನ ಹೆಸರನ್ನೇ ಇಟ್ಟುಕೊಂಡಿತು. ಹಾಡುವವರಿಗೆ ಹೆಸರು ಎಲ್ಲಿಂದ ಬರುತ್ತದೆ, ಕೃತಿಯಲ್ಲಿ ಅದು ಎಲ್ಲಿ ಕೂರುತ್ತದೆ ಎಂದು ಕೇಳಲು ಹೊರಟರೆ ರಾಯಚೂರು ಸೀಮೆಯನ್ನು ದಾಟಿ ಹೋಗಲಾಗದು.

ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯ ಮತ್ತೆ ಚಿಗುರಿದ್ದು ಇಲ್ಲಿಯೇ. ಮಾನ್ವಿ ಸೀಮೆಯ ಚೀಕಲಪರ್ವಿಯ ದಾಸಪ್ಪ ವಿಜಯದಾಸರಾದರು. ದೇವದುರ್ಗದ ಕಡೆಯ ಮೊಸರಕಲ್ಲಿನ ಭಾಗಣ್ಣ ವಿಜಯದಾಸರಿಂದ ‘ಗೋಪಾಲವಿಠಲ’ ಅಂಕಿತ (ಪದದಲ್ಲಿ ಬರುವ ಕರ್ತೃವಿನ ಮುದ್ರೆಯ ಹೆಸರು) ಪಡೆದು ಗೋಪಾಲದಾಸರಾದರು. ಬ್ಯಾಗವಟದ ಶ್ರೀನಿವಾಸಾಚಾರ್ಯರ ಕಥೆಯನ್ನು ಮಾತ್ರ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಂಸ್ಕೃತ ಪಾಂಡಿತ್ಯದ ಬಿಗುಮಾನದಲ್ಲಿ ಅವರು ವಿಜಯದಾಸರನ್ನು ಕಡೆಗಣಿಸಿದರು, ಹೊಟ್ಟೆಶೂಲೆಯಿಂದ ನರಳಿದರು, ಗೋಪಾಲದಾಸರು ಕೊಟ್ಟ ಜೋಳದ ರೊಟ್ಟಿ ಉಂಡು ಗುಣವಾದರು ಎನ್ನುತ್ತದೆ ಸಂಪ್ರದಾಯ. ಆಮೇಲೆ ಅವರು ಜಗನ್ನಾಥದಾಸರಾಗಿ ‘ಜಗನ್ನಾಥವಿಠಲ’ ಅಂಕಿತದಲ್ಲಿ ಕನ್ನಡದಲ್ಲಿ ಬರೆದರು; ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ ಅವರದೇ. ಪವಾಡವನ್ನು ಬದಿಗಿಟ್ಟರೂ ಕಥೆಯ ಒಳಗಿನ ಕ್ರಮ ಉಳಿಯುತ್ತದೆ: ಪಂಡಿತನ ಹೆಸರು ಕಳಚಬೇಕು, ಹೊಸ ಹೆಸರನ್ನು ಇನ್ನೊಬ್ಬರು ಕೊಡಬೇಕು, ಆ ಹೆಸರೂ ದೈವದ್ದಾಗಿರಬೇಕು.

ಅಂಕಿತವನ್ನು ನಮ್ಮ ಸಂಪಾದಕರು ಬಹುಮಟ್ಟಿಗೆ ಕರ್ತೃತ್ವ ನಿರ್ಣಯದ ಸಾಧನವಾಗಿ ಬಳಸಿದ್ದಾರೆ. ಅದು ಬೇಕಾದದ್ದೇ. ಆದರೆ ಅಂಕಿತಕ್ಕೆ ಹಾಡಿನೊಳಗೇ ಒಂದು ಕೆಲಸವಿದೆ. ಅದು ಕೊನೆಯ ನುಡಿಗೆ ಬರುತ್ತದೆ. ಪದ ಮುಗಿಯುತ್ತಿದೆ ಎಂದು ಕೇಳುವವರಿಗೆ ತಿಳಿಯುವುದು ಅದರಿಂದಲೇ. ಯಾರೇ ಹಾಡಲಿ, ಅವರ ಬಾಯಲ್ಲಿ ಬರುವುದು ಪದ ಕಟ್ಟಿದವರ ಅಂಕಿತ.

ಈ ಹಿನ್ನೆಲೆಯಲ್ಲಿ ರಘು ದೀಕ್ಷಿತ್ ಅವರ 2008ರ ಚೊಚ್ಚಲ ಆಲ್ಬಂ ಕುತೂಹಲ ಹುಟ್ಟಿಸುತ್ತದೆ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. ಶರೀಫರೂ ಗೋವಿಂದ ಭಟ್ಟರ ಶಿಷ್ಯರಾಗಿ ಶಿಶುನಾಳಧೀಶನ ಅಂಕಿತದಲ್ಲಿ ಹಾಡಿದವರು. ಗಾಯಕನೊಬ್ಬ ತನ್ನ ಗುರುತನ್ನು ಮೊದಲ ಸಲ ಲೋಕದ ಮುಂದಿಡುವಾಗ ಇನ್ನೊಬ್ಬರ ಅಂಕಿತದ ಪದವನ್ನು ಆರಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಹೊದಿಕೆಯ ಮೇಲಿನ ಹೆಸರು ಒಬ್ಬರದು, ಪದದ ಹೆಸರು ಇನ್ನೊಬ್ಬರದು. ಎರಡೂ ಒಂದೇ ತಟ್ಟೆಯಲ್ಲಿವೆ.

ಅದೇ 2008ರಲ್ಲಿ ಬೆಂಗಳೂರಿನ ಲೌಂಜ್ ಪಿರಾನ್ಹಾ ತಂಡದ ‘ಗೋಯಿಂಗ್ ನೋವೇರ್’ ಬಂತು. ಪೋಸ್ಟ್-ರಾಕ್ ಜಾಡಿನ ಈ ಪ್ರಯೋಗಶೀಲ ಸಂಗೀತದಲ್ಲಿ ಮಾತು ಹಿಂದೆ ಸರಿದು ಗಿಟಾರಿನ ನಾದ ನಿಧಾನವಾಗಿ ಹಬ್ಬುತ್ತದೆ. ಕೊನೆಯ ನುಡಿಯೇ ಇಲ್ಲದಲ್ಲಿ ಅಂಕಿತಕ್ಕೆ ಜಾಗವೆಲ್ಲಿ? ಇಲ್ಲಿ ನಾದದ ಬಣ್ಣವೇ ಸಹಿ ಎಂದು ನಾನು ಓದುತ್ತೇನೆ. ಅದನ್ನು ತಂಡವೇ ಕಂಡುಕೊಳ್ಳಬೇಕು, ಕೊಡುವ ಗುರುವಿಲ್ಲ. ಇಂಥ ತಂಡಗಳ ಮೊದಲ ಆಲ್ಬಂ ಹುಡುಕಾಟದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇದರಿಂದ ದಾಖಲೀಕರಣದ ಕೆಲಸವೊಂದು ಹೊರಡುತ್ತದೆ. ಧ್ವನಿಮುದ್ರಣಗಳ ಪಟ್ಟಿಯಲ್ಲಿ ಗಾಯಕರು, ತಂಡ, ಕಂಪನಿ, ವರ್ಷದ ಜೊತೆಗೆ ಅಂಕಿತಕ್ಕೂ ಒಂದು ಅಂಕಣ ಬೇಕು. ಅಂಕಿತದ ನುಡಿಯನ್ನು ಹಾಡಲಾಗಿದೆಯೇ, ಬಿಡಲಾಗಿದೆಯೇ ಎಂಬುದನ್ನೂ ಅಲ್ಲಿಯೇ ಗುರುತು ಹಾಕಬೇಕು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರ ಪದಗಳ ಮುದ್ರಣಗಳಿಂದಲೇ ಇದನ್ನು ಆರಂಭಿಸಬಹುದು.