ಪುಕ್ಕಟ ಟಿಕೆಟ್ಟಿನ ರೊಕ್ಕ ಯಾರು ಕೊಟ್ರು?

ಮಗಳ ಬಾಣಂತನಕ್ಕಂತ ನಾನು ಶಿಕಾಗೋಕ್ಕ ಹೋಗಿ ಬಂದದ್ದು ನಿಮಗೆಲ್ಲಾ ಗೊತ್ತೇ ಅದ. ಟಿಕೆಟ್ ತಗಸಿದಾಕಿ ಮಗಳು. "ಅಮ್ಮಾ, ನಾನು ಬರೇ ಟ್ಯಾಕ್ಸ್ ಅಷ್ಟ ಕಟ್ಟೇನಿ, ಉಳಿದದ್ದೆಲ್ಲಾ ಕ್ರೆಡಿಟ್ ಕಾರ್ಡಿನ ಪಾಯಿಂಟ್‌ನ್ಯಾಗ ಆತು" ಅಂದ್ಲು. ನಾನು ಓಣಿ ತುಂಬ ಡಂಗುರ ಹೊಡದೆ. ಗದಗಿನ್ಯಾಗ ನಮ್ಮಣ್ಣಂದು ಅರಿವಿ ಅಂಗಡಿ ಅದ, ಅವನ ಮುಂದೂ ಹೇಳಿದೆ. ಅಂವ ಅಳೆಯೋ ಕೋಲು ಕೆಳಗಿಟ್ಟು ಅಂದ, "ತಂಗೀ, ವ್ಯಾಪಾರದಾಗ ಪುಕ್ಕಟ ಅನ್ನೋದು ಇರೂದಿಲ್ಲ. ನಿನ್ನ ಟಿಕೆಟ್ಟಿಗೆ ಯಾರೋ ರೊಕ್ಕ ಕೊಟ್ಟಾರ. ಯಾರು ಅಂತ ನಿನ್ನ ಮಗಳನ್ನ ಕೇಳು."

ಆ ಮಾತು ತಲ್ಯಾಗ ಕೂತು ಬಿಟ್ಟಿತ್ತು. ಶಿಕಾಗೋದಾಗ ಕೂಸು ಮಲಗಿದಾಗೆಲ್ಲಾ ಮಗಳನ್ನ ಕೇಳಿದೆ, ಅಕಿ ತೋರಿಸಿದ್ದನ್ನ ಕೂತು ಓದಿದೆ. ಓದಕೋತ ಹೋದ್ರ ಈ ಕಥಿ ವಿಮಾನದಿಂದಲ್ಲ, ನಮ್ಮಂಥ ಹೆಣ್ಣುಮಕ್ಕಳ ಅಡಿಗಿಮನಿಯಿಂದನ ಶುರು ಆಗಿತ್ತು.

ನಮ್ಮ ಓಣ್ಯಾಗ ಹಳೇ ಪ್ಯಾಂಟು, ಜರತಾರಿ ಸೀರಿ ಕೊಟ್ಟು ಸ್ಟೀಲ್ ಡಬ್ಬಿ ಇಸ್ಕೋತಿದ್ವಿ, ನೆನಪದ ಅಲ್ರಿ? ಅಮೆರಿಕದ ಹೆಣ್ಣುಮಕ್ಕಳಿಗೆ ಸ್ಟ್ಯಾಂಪ್ ಇದ್ವು. 1896ರಾಗ ಸ್ಪೆರ್ರಿ ಅಂಡ್ ಹಚಿನ್ಸನ್ ಅನ್ನೋ ಕಂಪನಿ ಹಸರು ಬಣ್ಣದ ಸಣ್ಣ ಸಣ್ಣ ಸ್ಟ್ಯಾಂಪ್ ಕೊಡೋ ವ್ಯವಹಾರ ಶುರು ಮಾಡಿತು. ಕಿರಾಣಿ ಅಂಗಡ್ಯಾಗ, ಪೆಟ್ರೋಲ್ ಪಂಪಿನ್ಯಾಗ ಹತ್ತು ಸೆಂಟಿನ ಸಾಮಾನು ತಗೊಂಡ್ರ ಒಂದು ಸ್ಟ್ಯಾಂಪ್. ಮನಿಗೆ ಬಂದು ಅದರ ಬೆನ್ನಿಗೆ ನೀರು ಹಚ್ಚಿ ಪುಸ್ತಕದಾಗ ಅಂಟಸೋದು. 1,200 ಸ್ಟ್ಯಾಂಪಿಗೆ ಒಂದು ಪುಸ್ತಕ ತುಂಬತಿತ್ತು. ಅಂದ್ರ 120 ಡಾಲರಿನ ಸಂತಿ ಆದ ಮ್ಯಾಲೆ ಒಂದು ಪುಸ್ತಕ. ಅಂಥ ಪುಸ್ತಕ ಕೂಡಿಸಿ ಒಯ್ದು ಕೊಟ್ರ ಟೋಸ್ಟರು, ದೀಪ, ಚಾದರ ಏನರ ಸಿಗತಿತ್ತು. 1960ರ ಹೊತ್ತಿಗೆ ಇದು ಮನಿ ಮನಿ ಮಾತಾಗಿತ್ತು.

ಆ ಟೋಸ್ಟರ್ ಏನು ಪುಕ್ಕಟ ಬರತಿತ್ತು? ಅಂಗಡಿಯಾವ ಆ ಸ್ಟ್ಯಾಂಪನ್ನ ಕಂಪನಿ ಕಡೆ ರೊಕ್ಕ ಕೊಟ್ಟು ಕೊಳ್ಳತಿದ್ದ. ಗಿರಾಕಿ ಹೆಚ್ಚಾದ್ರ ಆ ಖರ್ಚು ಅದರಾಗ ಮುಚ್ಚಿಹೋಗತಿತ್ತು. ಆದ್ರ ಎದುರಿನ ಅಂಗಡಿಯವನೂ ಸ್ಟ್ಯಾಂಪ್ ಕೊಡಾಕ ಶುರು ಮಾಡಿದ ಮ್ಯಾಲೆ? ಆಗ ಆ ಖರ್ಚನ್ನ ಸಾಮಾನಿನ ರೇಟಿನ್ಯಾಗ ಕೂಡಸೋದು ಬಿಟ್ಟರ ಬ್ಯಾರೆ ದಾರಿ ಇರಲಿಲ್ಲ. ಸ್ಟ್ಯಾಂಪ್ ಅಂಟಿಸಿದಾಕಿ ತನ್ನ ಪಾಲು ಟೋಸ್ಟರ್ ರೂಪದಾಗ ವಾಪಸ್ ತಗೊಂಡ್ಲು. ಅಂಟಸಲಿಕ್ಕೆ ಪುರಸತ್ತಿಲ್ಲದಾಕಿ ಬರೇ ಕೊಟ್ಟು ಬಂದ್ಲು. ಈ ಲೆಕ್ಕ ನೆನಪಿಟ್ಟಿರ್ರಿ, ಮುಂದ ವಿಮಾನದಾಗೂ ಇದೇ ಬರತದ.

ಅಮೆರಿಕದಾಗ 1978ರ ತನಕಾ ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಹಾರಬೇಕು, ಟಿಕೆಟ್ ಎಷ್ಟಿರಬೇಕು ಅಂತ ಸರಕಾರದ ಒಂದು ಮಂಡಳಿ ಠರಾಯಿಸತಿತ್ತು. ಆ ವರ್ಷ ಅಕ್ಟೋಬರ್‌ನ್ಯಾಗ ಹೊಸಾ ಕಾಯದೆ ಬಂದು ಆ ಕಟ್ಟು ಬಿಚ್ಚಿತು. ಯಾರು ಎಲ್ಲಿ ಬೇಕಾದ್ರೂ ಹಾರಬಹುದು, ರೇಟು ಇಳಸಬಹುದು. ಕಂಪನಿ ಕಂಪನಿ ನಡುವ ಜಗ್ಗಾಟ ಶುರು ಆತು. ಹತ್ತು ಡಾಲರ್ ಕಡಿಮಿ ಅಂದ್ರ ಗಿರಾಕಿ ಆ ಕಡೆ ಓಡತಿದ್ದ. ಅಂವನ್ನ ಹಿಡಿದಿಡೋದು ಹ್ಯಾಂಗ?

ಅಮೆರಿಕನ್ ಏರ್‌ಲೈನ್ಸ್ ಕಡೆ ಸೇಬರ್ ಅನ್ನೋ ಟಿಕೆಟ್ ಬುಕಿಂಗ್ ಕಂಪ್ಯೂಟರ್ ವ್ಯವಸ್ಥಾ ಇತ್ತು. ಅದರಾಗ ಯಾರು ಪದೇ ಪದೇ ಹಾರತಾರ ಅಂತ ಹುಡುಕಿ ತಗದ್ರು. 1981ರ ಮೇ 1ಕ್ಕ ಆಡ್ವಾಂಟೇಜ್ ಅಂತ ಯೋಜನಾ ತಂದ್ರು. ಹಾರಿದಷ್ಟು ಮೈಲು ನಿಮ್ಮ ಹೆಸರಿಗೆ ಜಮಾ, ಕೂಡಿದ ಮ್ಯಾಲೆ ಒಂದು ಟಿಕೆಟ್ ಪುಕ್ಕಟ. ಅದೇ ತಿಂಗಳು ಯುನೈಟೆಡ್ ಏರ್‌ಲೈನ್ಸೂ ಮೈಲೇಜ್ ಪ್ಲಸ್ ತಂದಿತು. ವಿಮಾನದ ಖಾಲಿ ಸೀಟು ಅಂದ್ರ ಸಂತ್ಯಾಗ ಸಂಜಿಮುಂದ ಉಳಿದ ಕೊತ್ತಂಬರಿ ಇದ್ದಂಗ. ವಿಮಾನ ಏರಿತಂದ್ರ ಅದಕ್ಕ ಕಿಮ್ಮತ್ತಿಲ್ಲ. ಅದನ್ನ ಕಾಯಂ ಗಿರಾಕಿಗೆ ಕೊಟ್ರ ಕಂಪನಿಗೇನೂ ನುಕ್ಸಾನಿಲ್ಲ. ಇಲ್ಲಿ ತನಕಾ ವ್ಯವಹಾರ ಸ್ವಚ್ಛ ಇತ್ತು. ಹಾರಿದವರಿಗೆ ಅಷ್ಟ ಮೈಲು.

1987ರಾಗ ಕಥಿ ತಿರುಗಿತು. ಸಿಟಿಬ್ಯಾಂಕ್ ಮತ್ತ ಅಮೆರಿಕನ್ ಏರ್‌ಲೈನ್ಸ್ ಕೂಡಿ ಒಂದು ಕ್ರೆಡಿಟ್ ಕಾರ್ಡ್ ತಂದ್ರು. ಒಂದು ಡಾಲರ್ ಖರ್ಚಿಗೆ ಒಂದು ಮೈಲು. ಈಗ ಮೈಲು ಗಳಸಲಿಕ್ಕೆ ಆಕಾಶಕ್ಕ ಹೋಗಬೇಕಂತಿಲ್ಲ, ಹಾಲು, ಬ್ರೆಡ್ಡು, ಮಕ್ಕಳ ಬೂಟು ತಗೊಂಡ್ರೂ ಬರತದ. 1991ರಾಗ ಅಮೆರಿಕನ್ ಎಕ್ಸ್‌ಪ್ರೆಸ್ ತಂದೇ ಪಾಯಿಂಟ್ ಯೋಜನಾ ಮಾಡಿತು. ಪಾಯಿಂಟ್ ಕಾರ್ಡಿನ್ಯಾಗ ಕೂಡಲಿ, ಬೇಕಾದಾಗ ಬೇಕಾದ ಏರ್‌ಲೈನ್ಸಿಗೆ ದಾಟಸ್ರಿ ಅಂತ. ನನ್ನ ಮಗಳು ಮಾಡಿದ್ದೂ ಇದನ್ನ. ಹೊಸಾ ಕಾರ್ಡ್ ತಗೊಂಡು ಮೂರು ತಿಂಗಳದಾಗ ಇಂತಿಷ್ಟು ಖರ್ಚು ಮಾಡಿದ್ರ ಒಮ್ಮೆಲೇ ದೊಡ್ಡ ಗಂಟು ಪಾಯಿಂಟ್ ಬರತಾವ. ಹೆಂಗಿದ್ರೂ ಅಕಿ ಬಾಡಿಗಿ ಮನ್ಯಾಗಿಂದ ಹೊಸಾ ಮನಿಗೆ ಹೋಗೋಕಿ. ಪಲ್ಲಂಗ, ಫ್ರಿಜ್ಜು, ತೊಟ್ಟಿಲು ಎಲ್ಲಾ ಅದರಾಗ ತಗೊಂಡ್ಲು. ತಿಂಗಳ ಬಿಲ್ ಒಂದು ಪೈಸೆ ಬಿಡದ ಕಟ್ಟಿದ್ಲು. ಆ ಪಾಯಿಂಟನ್ನ ಏರ್‌ಲೈನ್ಸಿಗೆ ದಾಟಿಸಿ ನನ್ನ ಸೀಟು ಹಿಡದ್ಲು.

ಈಗ ಅಣ್ಣನ ಪ್ರಶ್ನಿಗೆ ಬರೋಣು. ಅಲ್ಲಿ ನೂರು ಡಾಲರಿನ ಸಾಮಾನು ಕಾರ್ಡಿನ್ಯಾಗ ತಗೊಂಡ್ರ ಅಂಗಡಿಯವನ ಕೈಗೆ ನೂರು ಬರಂಗಿಲ್ಲ. ಸುಮಾರು ಎರಡು ಡಾಲರ್ ಮುರಕೋತಾರ. ಅದರಾಗ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಬ್ಯಾಂಕು ಅದರಾಗ ಒಂದಿಷ್ಟು ಏರ್‌ಲೈನ್ಸಿಗೆ ಕೊಟ್ಟು ಮೈಲು ಕೊಂಡು ನಮಗ ಹಾಕತದ. ಅಂಗಡಿಯಾವ ಆ ಎರಡು ಡಾಲರನ್ನ ರೇಟಿನ್ಯಾಗ ಸೇರಸ್ತಾನ. ಆ ರೇಟನ್ನ ಕಾರ್ಡ್ ಇದ್ದಾಕೀನೂ ಕೊಡತಾಳ, ನೋಟು ಎಣಿಸಿ ಕೊಡಾಕೀನೂ ಕೊಡತಾಳ. ಮೈಲು ಮಾತ್ರ ಒಬ್ಬಾಕಿಗೇ.

ಇದು ಬರೇ ನಮ್ಮಣ್ಣನ ಅನುಮಾನ ಅಲ್ಲ. 2010ರಾಗ ಬೋಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ರು. ವರ್ಷಕ್ಕ 20 ಸಾವಿರ ಡಾಲರಿಗಿಂತ ಕಡಿಮಿ ಗಳಿಸೋ ಬಡ ಮನಿಯವರು ಈ ವ್ಯವಸ್ಥಾದಾಗ ಸರಾಸರಿ 21 ಡಾಲರ್ ಕಳಕೋತಾರ, ಒಂದೂವರೆ ಲಕ್ಷ ಡಾಲರಿಗಿಂತ ಹೆಚ್ಚು ಗಳಿಸೋ ಮನಿಯವರು ಸರಾಸರಿ 750 ಡಾಲರ್ ಪಡೀತಾರ ಅಂತ ಬಂತು. ಭಾಳ ಮಂದಿ ಕಡೆಯಿಂದ ಹನಿ ಹನಿ ತಗದು ಸ್ವಲ್ಪ ಮಂದಿಗೆ ಕೊಡ ತುಂಬಿಸಿದಂಗ ಆತಲ್ಲ. ಇದರ ಮ್ಯಾಲೆ ಬಿಲ್ ಪೂರ್ತಿ ಕಟ್ಟಲಾರದೆ ಬಾಕಿ ಉಳಿಸಿದವರ ಬಡ್ಡಿ ಬ್ಯಾರೆ. ಅಲ್ಲೆ ವರ್ಷಕ್ಕ ನೂರಕ್ಕ ಇಪ್ಪತ್ತರ ಮ್ಯಾಲೆ ಹೋಗತದ.

ಚಾಲೂ ಮಂದಿ ಎಲ್ಲಾ ಕಡೆ ಇರತಾರ. ಪುಕ್ಕಟ ಸಿಕ್ಕರ ನನಗೊಂದಿರಲಿ, ನಮ್ಮಪ್ಪಗೊಂದಿರಲಿ ಅನ್ನೋ ಪೈಕಿ. 1999ರಾಗ ಒಂದು ತಿನಿಸಿನ ಕಂಪನಿ ತನ್ನ ಡಬ್ಬಿ ಮ್ಯಾಲಿನ ಪಟ್ಟಿ ಕಳಿಸಿದ್ರ ಮೈಲು ಕೊಡತೀವಿ ಅಂತು. ಕ್ಯಾಲಿಫೋರ್ನಿಯಾದ ಒಬ್ಬ ಇಂಜಿನಿಯರ್ ಲೆಕ್ಕ ಹಾಕಿ, ಎಲ್ಲಾಕಿಂತ ಅಗ್ಗ ಇದ್ದ ಪುಡ್ಡಿಂಗಿನ 12,150 ಕಪ್ಪು ಕೊಂಡ. ಇಷ್ಟು ಪಟ್ಟಿ ಕೀಳೋರು ಯಾರು? ಪುಡ್ಡಿಂಗನ್ನ ಒಂದು ಧರ್ಮಸಂಸ್ಥಾಕ್ಕ ದಾನ ಕೊಟ್ಟು, ಪಟ್ಟಿ ನನಗ ಕಿತ್ತು ಕೊಡ್ರಿ ಅಂದ. ಸುಮಾರು ಮೂರು ಸಾವಿರ ಡಾಲರಿಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲು ಗಳಿಸಿದ. ಇನ್ನೂ ಕೆಲವರು ಸರಕಾರದ ಟಂಕಸಾಲೆಯಿಂದ ಡಾಲರ್ ನಾಣ್ಯ ಕಾರ್ಡಿನ್ಯಾಗ ತರಿಸಿ, ಹಂಗ ಒಯ್ದು ಬ್ಯಾಂಕಿನ್ಯಾಗ ಜಮಾ ಮಾಡಿ, ಅದೇ ರೊಕ್ಕದಲೆ ಕಾರ್ಡಿನ ಬಿಲ್ ಕಟ್ಟತಿದ್ರು. ನಾಣ್ಯ ತಿರುಗಿದ್ದು ಅಷ್ಟ, ಮೈಲು ಮಾತ್ರ ಉಳೀತು! 2011ರ ಜುಲೈದಾಗ ಟಂಕಸಾಲೆಯವರು ಆ ನಾಣ್ಯಕ್ಕ ಕಾರ್ಡ್ ತಗೊಳ್ಳೋದು ಬಂದ್ ಮಾಡಿದ್ರು.

ಆದ್ರ ಎಷ್ಟು ಶಾಣ್ಯಾರಾದ್ರೂ ಪಾಯಿಂಟಿನ ಮಾಲಕರು ನಾವಲ್ಲ. ಒಬ್ಬ ಯಹೂದಿ ಧರ್ಮಗುರು ಭಾಳ ತಕರಾರು ಮಾಡತಾನ ಅಂತ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಅವನ ಸದಸ್ಯತ್ವ ತಗದು ಹಾಕಿತು. ಅಂವ ಕೋರ್ಟಿಗೆ ಹೋದ. 2014ರಾಗ ಅಮೆರಿಕದ ಸುಪ್ರೀಂ ಕೋರ್ಟು, ಮೊದಲ ಹೇಳಿದೆನಲ್ಲ, ಆ 1978ರ ಕಾಯದೆ ತೋರಿಸೇ ಅವನ ದಾವಾ ನಿಲ್ಲೂದಿಲ್ಲ ಅಂತು. 2015ರಾಗ ಡೆಲ್ಟಾ, 2019ರಾಗ ಯುನೈಟೆಡ್, ಯಾವ ಊರಿಗೆ ಎಷ್ಟು ಮೈಲು ಅನ್ನೋ ಪಟ್ಟಿನ ತಗದು ಹಾಕಿದ್ವು. ಈಗ ಅವರು ಹೇಳಿದ್ದ ರೇಟು. ನಮ್ಮ ದೇಶದಾಗೂ ನೋಡೇವಿ. 2012ರಾಗ ಕಿಂಗ್‌ಫಿಶರ್ ನಿಂತಿತು, 2019ರ ಏಪ್ರಿಲ್‌ನ್ಯಾಗ ಜೆಟ್ ಏರ್‌ವೇಸ್ ನಿಂತಿತು. ಜೆಟ್ಟಿನ ಮೈಲು ನೋಡಿಕೊಳ್ಳೋ ಕಂಪನಿ ಬ್ಯಾರೆ ಇದ್ದುದಕ್ಕ ಮೈಲು ಉಳಿದ್ವು, ಆದ್ರ ಹಾರಲಿಕ್ಕೆ ಆ ವಿಮಾನ ಇರಲಿಲ್ಲ.

ಕಂಪನಿಯವರಿಗೆ ಮಾತ್ರ ಇದು ಬಂಗಾರದ ಬಾವಿ. 2020ರ ಕೋವಿಡ್‌ನ್ಯಾಗ ವಿಮಾನ ನೆಲಕ್ಕ ಕೂತಾಗ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಯೋಜನಾನ ಅಡಾ ಇಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಡೆಲ್ಟಾ ತಂದು ಅಡಾ ಇಟ್ಟು 900 ಕೋಟಿ ಡಾಲರ್ ತಗೊಂಡಿತು. ನಾವು ತ್ರಾಸಿನ ಹೊತ್ತಿನ್ಯಾಗ ಬಳಿ ಅಡಾ ಇಡತೀವಲ್ಲ, ಹಂಗ. 1981ರಾಗ ಉಳಿದ ಕೊತ್ತಂಬರಿ ಇದ್ದದ್ದು ನಲವತ್ತು ವರ್ಷದಾಗ ಮನಿ ಬಂಗಾರ ಆಗಿತ್ತು.

ಹಿಂಗ ಆಗಲೇಬೇಕಂತ ಏನಿಲ್ರಿ. ಯುರೋಪಿನ್ಯಾಗ 2015ರಿಂದ ಕ್ರೆಡಿಟ್ ಕಾರ್ಡಿನ ವ್ಯವಹಾರದಾಗ ಬ್ಯಾಂಕಿಗೆ ಹೋಗೋ ಪಾಲು ನೂರಕ್ಕ 30 ಪೈಸೆ ಇದ್ದಂಗ, ಅಷ್ಟಕ್ಕ ಕಟ್ಟಿ ಹಾಕ್ಯಾರ. ಹಿಂಗಾಗಿ ಅಲ್ಲಿ ಪಾಯಿಂಟಿನ ಸುರಿಮಳಿ ಇಲ್ಲ. ನಮ್ಮಲ್ಲಿ 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದ್ರ ಅಂಗಡಿಯವನಿಗೆ ಏನೂ ಮುರಿಯಂಗಿಲ್ಲ. ಅದಕ್ಕ ಎಳನೀರಿನವನೂ ಗಾಡಿಗೆ ಆ ಚೌಕದ ಚಿತ್ರ ಅಂಟಿಸ್ಯಾನ. ಕ್ರೆಡಿಟ್ ಕಾರ್ಡ್ ಉಜ್ಜಿದ್ರ ಮಾತ್ರ ನಮ್ಮಣ್ಣನಂಥವರಿಗೆ ನೂರಕ್ಕ ಸುಮಾರು ಎರಡು ರೂಪಾಯಿ ಹೋಗತದ. ಹತ್ತು ಸಾವಿರದ ಸೀರಿಗೆ ಇನ್ನೂರು ರೂಪಾಯಿ.

ಹಂಗಾದ್ರ ಮಗಳು ತಪ್ಪು ಮಾಡಿದ್ಲೇನು? ಇಲ್ಲಂತ ನನಗನಸ್ತದ. ವ್ಯವಸ್ಥಾ ಅಕಿ ಮಾಡಿದ್ದಲ್ಲ, ಅಕಿ ಬಿಟ್ಟರ ಆ ಪಾಲು ಬಡವರಿಗೇನು ಹೋಗೂದಿಲ್ಲ. ಅಕಿಗೆ ಎರಡೇ ಮಾತು ಹೇಳೇನಿ. ಬಿಲ್ ಒಂದು ತಿಂಗಳೂ ಬಾಕಿ ಇಡಬ್ಯಾಡ, ಬಡ್ಡಿ ಮುಂದ ಯಾವ ಮೈಲೂ ನಿಲ್ಲಂಗಿಲ್ಲ. ಮತ್ತ ಪಾಯಿಂಟ್ ಉಪ್ಪಿನಕಾಯಿ ಅಲ್ಲ, ಭರಣ್ಯಾಗಿಟ್ಟು ವರ್ಷಗಟ್ಲೆ ಕಾಯಬ್ಯಾಡ.

ವಾಪಸ್ ಬಂದ ಮ್ಯಾಲೆ ಗದಗಿಗೆ ಹೋದೆ. ಮೊಮ್ಮಗಳ ಹೆಸರಿಡೋದಕ್ಕ ಬೀಗರಿಗೆ ಕೊಡಲಿಕ್ಕೆ ಸೀರಿ ಬೇಕಾಗಿದ್ವು. ಅಣ್ಣ ಕೇಳಿದ, "ಏನಂದ್ಲು ಮಗಳು? ಯಾರು ಕೊಟ್ಟಾರಂತ ರೊಕ್ಕ?"

"ನಿನ್ನಂಥ ಅಂಗಡಿಯವರು, ಮತ್ತ ಕಾರ್ಡ್ ಇಲ್ಲದ ಗಿರಾಕಿಗಳು" ಅಂದೆ.

ಅಂವ ನಕ್ಕೋತ ಸೀರಿ ಮಡಚಿದ. ಯಜಮಾನ್ರು ರೂಢಿಗತೆ ಪಾಕೀಟಿನ್ಯಾಗಿಂದ ಕಾರ್ಡ್ ತಗದ್ರು, ಪಾಯಿಂಟ್ ಬರತಾವಂತ. ನಾನು ಅದನ್ನ ವಾಪಸ್ ಇಡಿಸಿ, ಬ್ಯಾಗಿನಿಂದ ನೋಟು ತಗದು ಎಣಿಸಿ ಕೊಟ್ಟೆ.